ಹಳೆ ಸಿನಿಮಾದ 4ಕೆ ಡಿಸ್ಕ್‌ನಲ್ಲಿ ಪರದೆ ತುಂಬ ಚುಕ್ಕಿ: ಡಿಸ್ಕ್ ಕೆಟ್ಟಿದೆಯೇ?

ಪ್ರಶ್ನೆ: 1980ರ ದಶಕದ ಇಂಗ್ಲಿಷ್ ಸಿನಿಮಾವೊಂದರ 4ಕೆ ಡಿಸ್ಕ್ ತರಿಸಿದೆ. ಡಿವಿಡಿಯಲ್ಲಿ ಕಾಣದಿದ್ದ ಸಣ್ಣ ಸಣ್ಣ ಚುಕ್ಕಿಗಳು ಇದರಲ್ಲಿ ಇಡೀ ಪರದೆಯಲ್ಲಿ ಗಿಜಿಗುಡುತ್ತಿವೆ. ಆಕಾಶ ಬಂದಾಗಲಂತೂ ಕಣ್ಣಿಗೆ ರಾಚುತ್ತದೆ. ಕೆಟ್ಟಿರುವುದು ಡಿಸ್ಕೋ ಟಿವಿಯೋ? ಇದನ್ನು ತೆಗೆಯುವುದು ಹೇಗೆ?

ಬಹುಮಟ್ಟಿಗೆ ಎರಡೂ ಸರಿಯಾಗಿಯೇ ಇವೆ. ನೀವು ನೋಡುತ್ತಿರುವುದು ಫಿಲ್ಮ್ ಗ್ರೇನ್. ಅದು ಚಿತ್ರದ ಮೇಲೆ ಕೂತ ಧೂಳಲ್ಲ. ಚಿತ್ರ ಮೂಡಿರುವುದೇ ಅದರಿಂದ. ಆದರೆ ಚುಕ್ಕಿ ಕಂಡದ್ದೆಲ್ಲ ಗ್ರೇನ್ ಅಲ್ಲ, ಟಿವಿಯ ಸೆಟ್ಟಿಂಗ್ ಅದನ್ನು ಎರಡರಷ್ಟು ಎತ್ತಿ ತೋರಿಸುವುದೂ ಉಂಟು. ಹಾಗಾಗಿ ತೆಗೆಯುವ ಮಾತಿಗೆ ಮೊದಲು ಆ ಚುಕ್ಕಿಗಳನ್ನು ಯಾರು ಇಟ್ಟರು ಅನ್ನುವುದು ಗೊತ್ತಾಗಬೇಕು.

ಫಿಲ್ಮಿನ ಮೇಲಿನ ಜೆಲಟಿನ್ ಪದರದಲ್ಲಿ ಬೆಳ್ಳಿಯ ಲವಣದ ಹರಳುಗಳಿರುತ್ತವೆ. ಬೆಳಕು ಬಿದ್ದ ಹರಳುಗಳು ಡೆವಲಪ್ ಮಾಡಿದಾಗ ಲೋಹದ ಬೆಳ್ಳಿಯಾಗುತ್ತವೆ. ಕಪ್ಪುಬಿಳುಪು ಚಿತ್ರದಲ್ಲಿ ಆ ಬೆಳ್ಳಿಯೇ ಉಳಿದುಕೊಳ್ಳುತ್ತದೆ. ಬಣ್ಣದ ಫಿಲ್ಮಿನಲ್ಲಿ ಬೆಳ್ಳಿಯನ್ನು ತೊಳೆದು ತೆಗೆಯುತ್ತಾರೆ, ಅದರ ಸುತ್ತ ಮೂಡಿದ ಬಣ್ಣದ ಮೋಡದಂಥ ಕಲೆ ಮಾತ್ರ ಉಳಿಯುತ್ತದೆ. ಕಣ್ಣಿಗೆ ಕಾಣುವುದು ಒಂದೊಂದೇ ಹರಳಲ್ಲ, ಪದರದ ದಪ್ಪದಲ್ಲಿ ಒಂದರ ಮೇಲೊಂದು ಬಿದ್ದ ಹರಳುಗಳ ಗುಂಪು. ಮಂದ ಬೆಳಕಿನಲ್ಲೂ ಕೆಲಸ ಮಾಡುವ ಹೈಸ್ಪೀಡ್ ಫಿಲ್ಮಿಗೆ ದೊಡ್ಡ ಹರಳು ಬೇಕು, ಹಾಗಾಗಿ ಗ್ರೇನೂ ದಪ್ಪ. ಕೊಡಾಕ್‌ನ ಇಂದಿನ 50 ಡಿ ಎಂಬ ನಿಧಾನ ಫಿಲ್ಮಿನಲ್ಲಿ ತೆಗೆದ ಹಗಲಿನ ದೃಶ್ಯವನ್ನೂ 500 ಟಿ ಎಂಬ ಹೈಸ್ಪೀಡ್ ಫಿಲ್ಮಿನಲ್ಲಿ ತೆಗೆದ ರಾತ್ರಿಯ ದೃಶ್ಯವನ್ನೂ ಅಕ್ಕಪಕ್ಕ ಇಟ್ಟರೆ ವ್ಯತ್ಯಾಸ ಥಟ್ಟನೆ ಕಾಣುತ್ತದೆ. ಬೆಳಕು ಸಾಲದೆ ತೆಗೆದು ಲ್ಯಾಬಿನಲ್ಲಿ ಹೆಚ್ಚು ಹೊತ್ತು ಡೆವಲಪ್ ಮಾಡಿಸಿದರೆ ಗ್ರೇನ್ ಇನ್ನೂ ಏರುತ್ತದೆ. 16 ಮಿ.ಮೀ. ಫ್ರೇಮಿನ ವಿಸ್ತೀರ್ಣ 35 ಮಿ.ಮೀ.ಯ ನಾಲ್ಕನೇ ಒಂದು ಭಾಗಕ್ಕಿಂತಲೂ ಕಡಿಮೆ. ಅಷ್ಟನ್ನೇ ಅದೇ ಪರದೆಗೆ ಹಿಗ್ಗಿಸಬೇಕಾದ್ದರಿಂದ ಅದರಲ್ಲಿ ಗ್ರೇನ್ ಢಾಳಾಗಿ ಕಾಣುತ್ತದೆ.

ಡಿವಿಡಿಯಲ್ಲಿ ಇದು ಯಾಕಿರಲಿಲ್ಲ? ಸುಮ್ಮನೆ ಲೆಕ್ಕ ಹಾಕಿ. 35 ಮಿ.ಮೀ. ಫಿಲ್ಮಿನ ಪೂರ್ಣ ಫ್ರೇಮ್ ಸುಮಾರು 24.9 ಮಿ.ಮೀ. ಅಗಲ. ಅದನ್ನು 4096 ಪಿಕ್ಸೆಲ್ಲುಗಳಲ್ಲಿ ಸ್ಕ್ಯಾನ್ ಮಾಡಿದರೆ ಒಂದು ಪಿಕ್ಸೆಲ್ಲಿನ ಪಾಲಿಗೆ ಬರುವುದು 6 ಮೈಕ್ರಾನ್ (ಮಿ.ಮೀ.ಯ ಸಾವಿರದಲ್ಲೊಂದು ಭಾಗ ಒಂದು ಮೈಕ್ರಾನ್) ಫಿಲ್ಮ್. ಅದೇ ಅಗಲವನ್ನು ಡಿವಿಡಿಯ 720 ಪಿಕ್ಸೆಲ್ಲುಗಳಿಗೆ ಹಂಚಿದರೆ ಒಂದೊಂದಕ್ಕೆ 35 ಮೈಕ್ರಾನ್ ಹತ್ತಿರ. ಅಷ್ಟು ಜಾಗದಲ್ಲಿ ಗ್ರೇನೆಲ್ಲ ಕಲಸಿ ಒಂದೇ ಬಣ್ಣವಾಗಿಬಿಡುತ್ತದೆ, ಅದರ ಜೊತೆಗೆ ಬಟ್ಟೆಯ ನೇಯ್ಗೆ, ಕೆನ್ನೆಯ ರಂಧ್ರಗಳೂ. ಡಿವಿಡಿ ಸ್ವಚ್ಛವಾಗಿ ಕಾಣುತ್ತಿದ್ದದ್ದು ಅದಕ್ಕೆ ಕಾಣುವ ಶಕ್ತಿಯೇ ಇರಲಿಲ್ಲವೆಂದು.

ನಿಮ್ಮ ಡಿಸ್ಕ್‌ನಲ್ಲೇ ಒಂದು ಪರೀಕ್ಷೆ ಮಾಡಬಹುದು. ಒಂದು ದೃಶ್ಯ ಕರಗಿ ಇನ್ನೊಂದು ಮೂಡುವ ಜಾಗ ಹುಡುಕಿ, ಅದಕ್ಕೆ ಕೆಲವು ಸೆಕೆಂಡ್ ಮುಂಚಿನಿಂದ ನೋಡಿ. ಇದ್ದಕ್ಕಿದ್ದಂತೆ ಗ್ರೇನ್ ದಪ್ಪಗಾಗುತ್ತದೆ, ಬಣ್ಣ ಒಂದಿಷ್ಟು ಮಂಕಾಗುತ್ತದೆ; ಹೊಸ ದೃಶ್ಯ ನೆಲೆಗೊಂಡು ಮೊದಲ ಕಟ್ ಬರುತ್ತಿದ್ದಂತೆ ಎಲ್ಲ ಮೊದಲಿನ ಹಾಗಾಗುತ್ತದೆ. ಕಂಪ್ಯೂಟರ್ ಬರುವ ಮುಂಚೆ ಇಂಥ ಕೆಲಸಗಳನ್ನೂ, ಚಿತ್ರದ ಮೇಲೆ ಹೆಸರು ಕೂರಿಸುವುದನ್ನೂ ಆಪ್ಟಿಕಲ್ ಪ್ರಿಂಟರಿನಲ್ಲಿ ಮಾಡುತ್ತಿದ್ದರು. ನೆಗೆಟಿವ್‌ನಿಂದ ಪಾಸಿಟಿವ್, ಅದರಿಂದ ಮತ್ತೆ ನೆಗೆಟಿವ್. ಒಂದೊಂದು ನಕಲಿಗೂ ಹೊಸ ಫಿಲ್ಮಿನ ಗ್ರೇನ್ ಸೇರುತ್ತದೆ. ಆ ಏರಿಳಿತ ಕಂಡರೆ ಖುಷಿಪಡಿ, ನಿಮ್ಮ ಡಿಸ್ಕ್ ನೆಗೆಟಿವ್‌ಗೆ ನಿಯತ್ತಾಗಿದೆ ಎಂದರ್ಥ. 1980ರ ದಶಕದ ಚಿತ್ರದಲ್ಲಿ ಮೊದಲಿನಿಂದ ಕೊನೆತನಕ ಎಲ್ಲವೂ ಒಂದೇ ನುಣುಪಾಗಿದ್ದರೆ ಅನುಮಾನ ಪಡಬೇಕಾದ್ದು ಆಗ.

ಅನುಮಾನ ಯಾರ ಮೇಲೆಂದರೆ ಡಿಎನ್‌ಆರ್ ಮೇಲೆ, ಅಂದರೆ ಡಿಜಿಟಲ್ ನಾಯ್ಸ್ ರಿಡಕ್ಷನ್. ಇದು ಎರಡು ದಾರಿಯಲ್ಲಿ ಕೆಲಸ ಮಾಡುತ್ತದೆ. ಒಂದು, ಹಿಂದುಮುಂದಿನ ಫ್ರೇಮುಗಳನ್ನು ಸೇರಿಸಿ ಸರಾಸರಿ ತೆಗೆಯುವುದು. ನಿಂತ ವಸ್ತುವಿಗೆ ಇದು ನಡೆಯುತ್ತದೆ. ಚಲಿಸುವ ಕೈಯ ಹಿಂದೆ ಮಸುಕು ಬಾಲ ಬೆಳೆಯುತ್ತದೆ. ಇನ್ನೊಂದು, ಅದೇ ಫ್ರೇಮಿನಲ್ಲಿ ಅಕ್ಕಪಕ್ಕದ ಪಿಕ್ಸೆಲ್ಲುಗಳನ್ನು ಕಲಸುವುದು. ಕೂದಲಿನ ಎಳೆ ಯಾವುದು, ಗ್ರೇನ್ ಯಾವುದು ಎಂದು ಗಣಿತಕ್ಕೆ ತಿಳಿಯದು. ಎರಡೂ ಒಟ್ಟಿಗೇ ಹೋಗುತ್ತವೆ. ಆಮೇಲೆ ಚಿತ್ರ ಮೆತ್ತಗಾಯಿತೆಂದು ಅಂಚುಗಳನ್ನು ಎಲೆಕ್ಟ್ರಾನಿಕ್ ಆಗಿ ತಿದ್ದಿ ಹರಿತ ಮಾಡುತ್ತಾರೆ, ಗಾಢ ವಸ್ತುಗಳ ಸುತ್ತ ಬಿಳಿ ಗೆರೆ ಬರುತ್ತದೆ. ಈ ಬಿಳಿ ಗೆರೆ ಒಮ್ಮೆ ಕಣ್ಣಿಗೆ ಬಿದ್ದರೆ ಮತ್ತೆ ಕಾಣದೆ ಇರಲು ಸಾಧ್ಯವೇ ಇಲ್ಲ.

ಎಲ್ಲರೂ ಎತ್ತಿಕೊಳ್ಳುವ ಉದಾಹರಣೆ 1987ರ 'ಪ್ರಿಡೇಟರ್'. 2008ರ ಮೊದಲ ಬ್ಲೂ-ರೇ ಅಷ್ಟೇನೂ ಹರಿತವಲ್ಲ, ಆದರೆ ಗ್ರೇನ್ ಇತ್ತು. 2010ರ ಎರಡನೆಯ ಬ್ಲೂ-ರೇಯಲ್ಲಿ ಗ್ರೇನ್ ಹೇಳಹೆಸರಿಲ್ಲದೆ ಹೋಯಿತು, ಜೊತೆಗೆ ಕಾಡಿನಲ್ಲಿ ಬೆವರು ಸುರಿಸುತ್ತ ನಿಂತ ಶ್ವಾರ್ಜ್‌ನೆಗರ್ ಮೇಣದ ಬೊಂಬೆಯಾದರು. 2018ರ 4ಕೆ ಡಿಸ್ಕ್‌ನಲ್ಲಿ ಗ್ರೇನ್ ಹಿಂತಿರುಗಿತು, ಬೆವರೂ. ನಿರ್ದೇಶಕರ ಒಪ್ಪಿಗೆ ಇದ್ದರೆ ಇಂಥದ್ದು ಆಗುವುದಿಲ್ಲ ಎಂದುಕೊಳ್ಳಬೇಡಿ. ಜೇಮ್ಸ್ ಕ್ಯಾಮರಾನ್ ಅವರ 'ಏಲಿಯನ್ಸ್', 'ಟ್ರೂ ಲೈಸ್' 2024ರಲ್ಲಿ 4ಕೆ ಡಿಸ್ಕ್ ಆಗಿ ಬಂದಾಗ ಅವರ ಒಪ್ಪಿಗೆ ಇತ್ತು. ಆದರೂ ಚರ್ಮ ಸವರಿದಂತಿದೆ, ರೆಪ್ಪೆಗೂದಲು ಅಸಹಜ ಹರಿತವಾಗಿದೆ ಎಂಬ ದೂರು ಜೋರಾಗಿಯೇ ಎದ್ದಿತು. ಮೂಲ ಗ್ರೇನ್ ಇಷ್ಟವಿಲ್ಲದ ನಿರ್ದೇಶಕರೂ ಇದ್ದಾರೆ, ಅಷ್ಟೇ. ಇದರ ತದ್ವಿರುದ್ಧವೂ ನಡೆಯುತ್ತದೆ: 2021ರ 'ಡ್ಯೂನ್' ಅನ್ನು ಡಿಜಿಟಲ್ ಕ್ಯಾಮೆರಾದಲ್ಲಿ ತೆಗೆದು, ಫಿಲ್ಮಿಗೆ ಇಳಿಸಿ, ಅಲ್ಲಿಂದ ಮತ್ತೆ ಸ್ಕ್ಯಾನ್ ಮಾಡಿದರು.

ಇನ್ನು ಚುಕ್ಕಿಯ ಜಾತಿ ಪತ್ತೆ ಹಚ್ಚುವುದು. ಆಕಾಶ ಅಥವಾ ಬೂದು ಗೋಡೆ ಇರುವ ದೃಶ್ಯದಲ್ಲಿ ನಿಲ್ಲಿಸಿ, ಪ್ಲೇಯರಿನಲ್ಲಿ ಒಂದೊಂದೇ ಫ್ರೇಮ್ ಮುಂದೆ ಹೋಗಿ. ನಿಜವಾದ ಗ್ರೇನ್ ಒಂದೊಂದು ಫ್ರೇಮಿನಲ್ಲೂ ಸಂಪೂರ್ಣ ಬೇರೆ. ಆಕಾಶದಲ್ಲೂ ಇದೆ, ಮುಖದ ಮೇಲೂ ಇದೆ, ಅಂಚು ದುಂಡಗೆ. ಚುಕ್ಕಿಗಳು ಚೌಕಾಕಾರವಾಗಿ ಗುಂಪುಗೂಡಿದ್ದರೆ, ಅಥವಾ ನಟ ನಡೆದುಹೋದರೂ ಹಿನ್ನೆಲೆಯ ಚುಕ್ಕಿ ನಾಲ್ಕಾರು ಫ್ರೇಮ್ ಕದಲದೆ ಅಂಟಿಕೊಂಡಿದ್ದರೆ ಅದು ಕಂಪ್ರೆಶನ್, ಅಂದರೆ ವಿಡಿಯೋ ಫೈಲನ್ನು ಕಿರಿದು ಮಾಡುವ ಕೆಲಸದ ಫಲ, ಇಲ್ಲವೇ ಡಿಎನ್‌ಆರ್. ಕತ್ತಲ ಮೂಲೆಗಳಲ್ಲಿ ಮಾತ್ರ ಕೆಂಪು, ನೀಲಿ ಬಣ್ಣದ ಚುಕ್ಕಿ ಮಿನುಗಿದರೆ ಡಿಜಿಟಲ್ ಕ್ಯಾಮೆರಾದ ಸೆನ್ಸರ್ ನಾಯ್ಸ್ ಇದ್ದೀತು. ಒಂದು ಎಚ್ಚರಿಕೆ: ನಿಲ್ಲಿಸಿದ ಫ್ರೇಮ್ ನೋಡಿ ಗ್ರೇನ್ ಹೆಚ್ಚೋ ಕಡಿಮೆಯೋ ಎಂದು ತೀರ್ಮಾನಿಸಬೇಡಿ. ಸೆಕೆಂಡಿಗೆ 24 ಫ್ರೇಮ್ ಓಡುವಾಗ ಕಣ್ಣು ಅವನ್ನೆಲ್ಲ ಕೂಡಿಸಿ ನೋಡುತ್ತದೆ. ಚಲಿಸುವ ಚಿತ್ರದಲ್ಲಿ ಗ್ರೇನ್ ಕಡಿಮೆಯಾಗಿ, ವಿವರ ಹೆಚ್ಚಾಗಿ ಕಾಣುವುದು ಅದರಿಂದಲೇ.

ಗ್ರೇನ್ ಎಂದು ಖಚಿತವಾದರೂ ಕಣ್ಣಿಗೆ ರಾಚುತ್ತಿದ್ದರೆ ತಪ್ಪು ಬಹುಪಾಲು ಟಿವಿಯ ಸೆಟ್ಟಿಂಗಿನದು. ಮೊದಲು ವಿವಿಡ್ ಮೋಡ್ ಬಿಟ್ಟು ಫಿಲ್ಮ್‌ಮೇಕರ್ ಮೋಡ್ ಅಥವಾ ಸಿನಿಮಾ ಮೋಡ್‌ಗೆ ಬನ್ನಿ. ಫಿಲ್ಮ್‌ಮೇಕರ್ ಮೋಡ್ 2019ರಲ್ಲಿ ಪ್ರಕಟವಾದದ್ದು. ಶಾರ್ಪ್‌ನೆಸ್ ತಿದ್ದುವುದು, ನಾಯ್ಸ್ ರಿಡಕ್ಷನ್, ಮೋಷನ್ ಸ್ಮೂತಿಂಗ್ ಮೂರನ್ನೂ ಅದು ಒಟ್ಟಿಗೇ ಆಫ್ ಮಾಡುತ್ತದೆ. ಆ ಮೋಡ್ ಇಲ್ಲದಿದ್ದರೆ ಮೊದಲು ಕೈ ಹಾಕಬೇಕಾದ್ದು ಶಾರ್ಪ್‌ನೆಸ್‌ಗೆ: ಒಂದೊಂದು ಗ್ರೇನಿನ ಸುತ್ತಲೂ ಅಂಚು ಕಟ್ಟುವುದು ಅದೇ. ಸ್ಯಾಮ್‌ಸಂಗ್‌ನಲ್ಲಿ 0 ಇಡಿ. ಸೋನಿಯಲ್ಲಿ ಮಾತ್ರ 50 ಅಂದರೆ ತಟಸ್ಥ, ಅದಕ್ಕಿಂತ ಇಳಿಸಿದರೆ ಚಿತ್ರ ಮಬ್ಬಾಗುತ್ತದೆ. ಚಿತ್ರವನ್ನು ಇನ್ನಷ್ಟು ಹರಿತ ಮಾಡುವ ಎಲ್‌ಜಿಯ ಸೂಪರ್ ರೆಸಲ್ಯೂಶನ್, ಸೋನಿಯ ರಿಯಾಲಿಟಿ ಕ್ರಿಯೇಶನ್ ಆಫ್ ಆಗಿರಲಿ. ಬಹಳ ಜನ ಎಡವುವುದು ಇಲ್ಲಿ: ಎಸ್‌ಡಿಆರ್ (ಸಾಮಾನ್ಯ ವಿಡಿಯೋ), ಎಚ್‌ಡಿಆರ್ (ಬೆಳಕು-ನೆರಳಿನ ಹರವು ಹೆಚ್ಚಿರುವ ವಿಡಿಯೋ), ಅದರದೇ ಇನ್ನೊಂದು ಬಗೆಯಾದ ಡಾಲ್ಬಿ ವಿಷನ್ ಮೂರಕ್ಕೂ ಟಿವಿ ಬೇರೆ ಬೇರೆ ಸೆಟ್ಟಿಂಗ್ ನೆನಪಿಟ್ಟುಕೊಳ್ಳುತ್ತದೆ. ಕೇಬಲ್ ಚಾನೆಲ್ ನೋಡುತ್ತ ಬದಲಿಸಿದ್ದು 4ಕೆ ಡಿಸ್ಕ್‌ಗೆ ತಾಗುವುದಿಲ್ಲ. ಡಿಸ್ಕ್ ಓಡುತ್ತಿರುವಾಗಲೇ ಮೆನು ತೆರೆದು ಮಾಡಬೇಕು. ಕೂರುವ ದೂರವನ್ನೂ ನೋಡಿಕೊಳ್ಳಿ. 55 ಇಂಚಿನ ಟಿವಿಯ ಎತ್ತರ ಸುಮಾರು 68 ಸೆಂ.ಮೀ., ಅದರ ಎರಡೂವರೆಯಿಂದ ಮೂರು ಪಟ್ಟು, ಅಂದರೆ ಎರಡು ಮೀಟರ್ ಆಸುಪಾಸು ಕೂತರೆ ಗ್ರೇನ್ ತಾನಾಗಿ ಹದಕ್ಕೆ ಬರುತ್ತದೆ.

ಅದೇ ಚಿತ್ರ ಒಟಿಟಿಯಲ್ಲಿ ನುಣುಪಾಗಿ ಕಂಡರೆ ಅದು ಉತ್ತಮ ಪ್ರತಿ ಎಂದುಕೊಳ್ಳಬೇಡಿ. ವಿಡಿಯೋ ಕಂಪ್ರೆಶನ್ ಬದುಕುವುದೇ 'ಹಿಂದಿನ ಫ್ರೇಮಿನಂತೆಯೇ ಇದೆ' ಎಂದು ಹೇಳಿ ಜಾಗ ಉಳಿಸುವುದರಲ್ಲಿ. ಗ್ರೇನ್ ಯಾವ ಫ್ರೇಮಿನಲ್ಲೂ ಹಿಂದಿನಂತೆ ಇರುವುದಿಲ್ಲ. 4ಕೆ ಡಿಸ್ಕ್‌ನಲ್ಲಿ ಸೆಕೆಂಡಿಗೆ 100 ಮೆಗಾಬಿಟ್ ದಾಟಲು ಅವಕಾಶವಿದೆ; ನೆಟ್‌ಫ್ಲಿಕ್ಸ್ 4ಕೆಗೆ ಸೂಚಿಸುವ ಇಂಟರ್ನೆಟ್ ವೇಗವೇ 15 ಮೆಗಾಬಿಟ್. ಅಷ್ಟರಲ್ಲಿ ಗ್ರೇನ್ ಸಾಗಿಸಲಾಗದು. 2018ರಲ್ಲಿ ಬಂದ ಎವಿ1 ಎಂಬ ಕೋಡೆಕ್‌ನಲ್ಲಿ (ವಿಡಿಯೋ ಕಂಪ್ರೆಸ್ ಮಾಡುವ ವಿಧಾನ) ಇದಕ್ಕೊಂದು ಉಪಾಯವಿದೆ: ಗ್ರೇನನ್ನು ಮೊದಲೇ ತೆಗೆದುಹಾಕಿ, ಅದರ ಗಾತ್ರ, ದಪ್ಪ, ಎಷ್ಟು ಬೆಳಕಿಗೆ ಎಷ್ಟು ಎನ್ನುವ ಅಂಕಿಗಳನ್ನಷ್ಟೇ ಕಳಿಸುತ್ತಾರೆ, ನಿಮ್ಮ ಟಿವಿ ಅದರಂತೆ ಹೊಸ ಗ್ರೇನ್ ತಯಾರಿಸಿ ಮೇಲೆ ಹರಡುತ್ತದೆ. 2025ರಲ್ಲಿ ನೆಟ್‌ಫ್ಲಿಕ್ಸ್ ಇದನ್ನು ದೊಡ್ಡ ಪ್ರಮಾಣದಲ್ಲಿ ಬಳಸಲು ಶುರು ಮಾಡಿತು. ನೋಡಲು ಪರವಾಗಿಲ್ಲ. ಆದರೆ ಗ್ರೇನ್ ತೆಗೆಯುವಾಗ ಹೋದ ಕೂದಲಿನ ಎಳೆಯನ್ನು ಟಿವಿ ಮತ್ತೆ ತಯಾರಿಸಲಾರದು.

ಮನೆಯ ಹಳೇ ರೀಲುಗಳನ್ನು ಸ್ಕ್ಯಾನ್ ಮಾಡಿಸಿ ಕಂಪ್ಯೂಟರಿನಲ್ಲಿ ಕಿರಿದು ಮಾಡುವವರಿಗೂ ಇದೇ ತೊಡಕು. ಹ್ಯಾಂಡ್‌ಬ್ರೇಕ್ ಎಂಬ ವಿಡಿಯೋ ಪರಿವರ್ತನೆಯ ಸಾಫ್ಟ್‌ವೇರಿನಲ್ಲಿ ಡಿನಾಯ್ಸ್ ಆಫ್ ಮಾಡಿ, ಟ್ಯೂನ್ 'ಗ್ರೇನ್' ಆಯ್ದು, ಗುಣಮಟ್ಟದ ಅಂಕಿ 18ರ ಆಸುಪಾಸು ಇಡಿ. ಫೈಲ್ ಉಬ್ಬುತ್ತದೆ, ಉಬ್ಬಲಿ.

ಕನ್ನಡದ ಹಳೆಯ ಚಿತ್ರಗಳ ವಿಷಯ ಬೇರೆ. ಗಿರೀಶ್ ಕಾಸರವಳ್ಳಿಯವರ 1977ರ 'ಘಟಶ್ರಾದ್ಧ' 4ಕೆಯಲ್ಲಿ ಪುನರುಜ್ಜೀವನಗೊಂಡು 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ಪ್ರದರ್ಶನವಾಯಿತು. ಸ್ಕ್ಯಾನ್ ಮಾಡಿದ್ದು ಪುಣೆಯ ರಾಷ್ಟ್ರೀಯ ಫಿಲ್ಮ್ ಸಂಗ್ರಹಾಲಯದಲ್ಲಿದ್ದ ಮೂಲ ಕ್ಯಾಮೆರಾ ನೆಗೆಟಿವ್ ಅನ್ನು. ಅಂಥ ಪ್ರತಿಯಲ್ಲಿ ಕಾಣುವ ಚುಕ್ಕಿ ನಿಜವಾದ ಗ್ರೇನ್, ಮುಟ್ಟಬಾರದು. ಆದರೆ ಯುಟ್ಯೂಬಿನಲ್ಲಿ 'ಎಚ್‌ಡಿ', '4ಕೆ' ಎಂದು ಹಾಕಿರುವ ಎಷ್ಟೋ ಕನ್ನಡ ಚಿತ್ರಗಳ ಮೂಲ ಟೇಪು, ಇಲ್ಲವೇ ವಿಸಿಡಿ. ವಿಸಿಡಿ ಅಂದರೆ 352×288 ಪಿಕ್ಸೆಲ್, ಸೆಕೆಂಡಿಗೆ 1.15 ಮೆಗಾಬಿಟ್ ವಿಡಿಯೋ. ಅದನ್ನು ಹಿಗ್ಗಿಸಿದಾಗ ಮುಖದ ಸುತ್ತ ನೊಣದಂತೆ ಹಾರುವ ಕಲೆಗಳು ಕಂಪ್ರೆಶನ್ ಉಳಿಸಿಹೋದ ಕಸ. ಅಲ್ಲಿ ಸಂಕೋಚವಿಲ್ಲದೆ ಇಂಥ ಕಸ ತಗ್ಗಿಸುವ ಟಿವಿಯ ಎಂಪೆಗ್ ನಾಯ್ಸ್ ರಿಡಕ್ಷನ್ ಸೆಟ್ಟಿಂಗನ್ನು 'ಲೋ'ದಲ್ಲಿಡಿ. 'ಹೈ' ಇಟ್ಟರೆ ಇರುವಷ್ಟು ಮುಖವೂ ಅಳಿಸಿಹೋದೀತು. ಕೆಲವು ಟಿವಿಗಳಲ್ಲಿ ಯುಟ್ಯೂಬ್ ಆ್ಯಪ್‌ಗೇ ಬೇರೆ ಪಿಕ್ಚರ್ ಮೋಡ್ ಕೊಡಬಹುದು, ಈ ಬದಲಾವಣೆ ಅದಕ್ಕೆ ಮಾತ್ರ ಮಾಡಿ. 'ಎಲ್ಲ ಇನ್‌ಪುಟ್‌ಗಳಿಗೂ ಅನ್ವಯಿಸು' ಎಂದು ಟಿವಿ ಕೇಳಿದರೆ ಬೇಡ ಅನ್ನಿ, ಇಲ್ಲವಾದರೆ ಅದು ನಿಮ್ಮ ಡಿಸ್ಕ್ ಪ್ಲೇಯರಿನ ಎಚ್‌ಡಿಎಂಐಗೂ ಹೋಗಿ ಕೂರುತ್ತದೆ.