ಸೈಕಾಲಜಿ ಪೇಪರ್ ಓದೋದು: ಮೆಥಡ್ ಬಿಟ್ಟರೆ ಕೆಟ್ಟಿರಿ

ಮೊದಲ ಸೆಮಿಸ್ಟರ್‌ನಲ್ಲಿ ನಾನು ಚಿಕ್ಕಮಗಳೂರು ಬಸ್ ಸ್ಟ್ಯಾಂಡ್ ಹತ್ತಿರ 20 ಪುಟದ ಸಂಶೋಧನಾ ಪೇಪರ್ ಪ್ರಿಂಟ್ ಹಾಕಿಸಿಕೊಂಡು, ಮೂಡಿಗೆರೆ ಬಸ್ಸಲ್ಲಿ ಕಾದಂಬರಿ ಥರ ಮೊದಲ ಸಾಲಿಂದ ಓದೋಕೆ ಕೂರುತ್ತಿದ್ದೆ. ಮುಗ್ತಿಹಳ್ಳಿ ದಾಟೋದರೊಳಗೆ ನಿದ್ದೆ.

ಈಗ ಕ್ರಮ ಬದಲಾಗಿದೆ. ಮೊದಲು ಅಬ್‌ಸ್ಟ್ರಾಕ್ಟ್, ಅಂದರೆ ಶುರುವಿನ ಸಾರಾಂಶ. ಆಮೇಲೆ ಇಂಟ್ರೊಡಕ್ಷನ್ನಿನ ಕೊನೇ ಪ್ಯಾರಾ, ಹೈಪಾಥೆಸಿಸ್ (ಪರೀಕ್ಷಿಸಲು ಹೊರಟ ಊಹೆ) ಸಾಮಾನ್ಯವಾಗಿ ಅಲ್ಲೇ ಇರುತ್ತದೆ. ಅಲ್ಲಿಂದ ಸೀದಾ ಮೆಥಡ್, ಅಂದರೆ ಯಾರ ಮೇಲೆ, ಹೇಗೆ ಅಧ್ಯಯನ ಮಾಡಿದರು ಅನ್ನೋ ಭಾಗ. ಡಿಸ್ಕಷನ್ ಕಟ್ಟಕಡೆಗೆ, ಯಾಕೆಂದರೆ ಅದು ಲೇಖಕರ ವಾದ, ಮೊದಲೇ ಓದಿದರೆ ನಾವೂ ತಲೆಯಾಡಿಸಿಕೊಂಡು ಅವರ ಹಿಂದೆ ಹೋಗಿಬಿಡುತ್ತೇವೆ.

ಮಾರ್ಷ್‌ಮ್ಯಾಲೋ ಪರೀಕ್ಷೆ ಗೊತ್ತಲ್ವಾ? ಮಗುವಿನ ಮುಂದೆ ಒಂದು ಮಿಠಾಯಿ, ಕಾದರೆ ಎರಡು. ಹೆಚ್ಚು ಹೊತ್ತು ಕಾದ ಮಕ್ಕಳು ಮುಂದೆ ಎಸ್‌ಎಟಿ ಪರೀಕ್ಷೆಯಲ್ಲೂ (ಅಮೆರಿಕದಲ್ಲಿ ಕಾಲೇಜು ಸೇರೋಕೆ ಬರೆಯೋದು) ಚೆನ್ನಾಗಿ ಮಾಡಿದರು ಅಂತ 1990ರಲ್ಲಿ ಮನೋವಿಜ್ಞಾನಿ ವಾಲ್ಟರ್ ಮಿಶೆಲ್ ಮತ್ತು ಜೊತೆಯವರ ಪೇಪರ್ ಬಂತು. ಈಗ ಮೆಥಡ್ ತೆಗೆಯಿರಿ. ಮಕ್ಕಳೆಲ್ಲ ಸ್ಟ್ಯಾನ್‌ಫರ್ಡ್ ಕ್ಯಾಂಪಸ್ಸಿನ ಒಂದೇ ನರ್ಸರಿಯವರು. ಆ ಎಸ್‌ಎಟಿ ನಂಟು ಕಂಡ ಗುಂಪಲ್ಲಿ ಅಂಕ ಸಿಕ್ಕಿದ್ದು 35 ಮಕ್ಕಳದ್ದು ಮಾತ್ರ! ನಮ್ಮ ತೋಟದ ಲೈನ್ ಮನೆಯ (ಕೂಲಿಯವರ ಸಾಲುಮನೆ) ಹುಡುಗನ ಮುಂದೆ ಮಿಠಾಯಿ ಇಟ್ಟರೆ ತಕ್ಷಣ ಬಾಯಿಗೆ ಹಾಕಿಕೊಳ್ಳುತ್ತಾನೆ. ಬಿಟ್ಟರೆ ತಮ್ಮ ತಿಂದುಬಿಡುತ್ತಾನಲ್ಲ, ಅದು ಸಂಯಮದ ಕೊರತೆಯೋ ಬುದ್ಧಿವಂತಿಕೆಯೋ?

2018ರಲ್ಲಿ ವಾಟ್ಸ್, ಡಂಕನ್, ಕ್ವಾನ್ ಎಂಬ ಸಂಶೋಧಕರು 900ಕ್ಕೂ ಹೆಚ್ಚು ಮಕ್ಕಳ ಮಾಹಿತಿ ಹಿಡಿದು ನೋಡಿದರು. ನಂಟು ಅರ್ಧದಷ್ಟೇ ಇತ್ತು. ಮನೆಯ ಪರಿಸ್ಥಿತಿ, ಮಗುವಿನ ಆರಂಭದ ಕಲಿಕೆ ಇವನ್ನೆಲ್ಲ ಲೆಕ್ಕಕ್ಕೆ ತೆಗೆದುಕೊಂಡಾಗ ಅದರಲ್ಲೂ ಮೂರನೇ ಎರಡು ಭಾಗ ಕರಗಿತು. ಹಾಗಂತ "ಹಳೇದು ಸುಳ್ಳು" ಅಂತ ಕುಣಿದವರೂ ಮೆಥಡ್ ಓದಿರಲಿಲ್ಲ ಅನ್ಸುತ್ತೆ: ಹೊಸದರಲ್ಲಿ ಕಾಯಬೇಕಿದ್ದದ್ದು 7 ನಿಮಿಷ, ಹಳೇದರಲ್ಲಿ ಅದಕ್ಕಿಂತ ಜಾಸ್ತಿ.

ರಿಸಲ್ಟ್ಸ್‌ನಲ್ಲಿ ಪಿ ವ್ಯಾಲ್ಯೂ (ನಿಜಕ್ಕೂ ವ್ಯತ್ಯಾಸವೇ ಇಲ್ಲದಿದ್ದರೂ ಇಷ್ಟು ಅಥವಾ ಇದಕ್ಕಿಂತ ಹೆಚ್ಚು ವ್ಯತ್ಯಾಸ ಕಾಣುವ ಸಂಭವ) 0.05ಕ್ಕಿಂತ ಕಡಿಮೆ ಕಂಡ ಕೂಡಲೇ ಖುಷಿಪಡಬೇಡಿ. ಸಾವಿರಾರು ಜನ ಇದ್ದರೆ ಸಾಸಿವೆಯಷ್ಟು ವ್ಯತ್ಯಾಸಕ್ಕೂ ಅದು ಬರುತ್ತದೆ. ಎಫೆಕ್ಟ್ ಸೈಜ್, ಅಂದರೆ ವ್ಯತ್ಯಾಸ ಎಷ್ಟು ದೊಡ್ಡದು ಅನ್ನೋದನ್ನು ಹುಡುಕಿ. ಅದನ್ನು ಹೇಳುವ ಒಂದು ಸಂಖ್ಯೆ ಕೋಹೆನ್ಸ್ ಡಿ: 0.2 ಚಿಕ್ಕದು, 0.5 ಮಧ್ಯಮ, 0.8 ದೊಡ್ಡದು, ಇದು ಒರಟು ಅಳತೆ ಅಷ್ಟೇ.

ಇನ್ನು ಪೇಪರ್ ಹುಡುಕೋದು. ಸಂಶೋಧನಾ ಪೇಪರ್ ಹುಡುಕೋಕೆ ಅಂತಲೇ ಇರುವ ಗೂಗಲ್ ಸ್ಕಾಲರ್‌ನಲ್ಲಿ ಸುಮ್ನೆ "ಮಕ್ಕಳ ತಾಳ್ಮೆ" ಅಂತ ಇಂಗ್ಲಿಷಲ್ಲಿ ಹಾಕಿದರೆ ಕಸವೇ ಜಾಸ್ತಿ. ಆ ವಿಷಯದವರು ಬಳಸುವ ಪದ ಬೇಕು, ಇಲ್ಲಿ "ಡಿಲೇ ಆಫ್ ಗ್ರಾಟಿಫಿಕೇಶನ್", ಅಂದರೆ ಬೇಕಾದ್ದನ್ನು ತಕ್ಷಣ ತೆಗೆದುಕೊಳ್ಳದೆ ಕಾಯೋದು. ಒಂದು ಒಳ್ಳೆ ಪೇಪರ್ ಸಿಕ್ಕರೆ ಅದರ ಕೆಳಗಿನ "ಸೈಟೆಡ್ ಬೈ" ಒತ್ತಿ, ಅದನ್ನು ಆಮೇಲೆ ಯಾರು ಒಪ್ಪಿದರು, ಯಾರು ತಕರಾರು ತೆಗೆದರು ಎಲ್ಲ ಸಿಗುತ್ತದೆ. ದುಡ್ಡು ಕೇಳಿದರೆ "ಆಲ್ ವರ್ಷನ್ಸ್" ನೋಡಿ, ಎಷ್ಟೋ ಸಲ ಪಿಡಿಎಫ್ ಅಲ್ಲೇ ಇರುತ್ತದೆ. ಇಲ್ಲದಿದ್ದರೆ ಲೇಖಕರಿಗೇ ಎರಡು ಸಾಲು ಮೇಲ್ ಹಾಕಿ. ನಾಚಿಕೆ ಬೇಡ, ತಮ್ಮ ಪೇಪರ್ ಯಾರಾದರೂ ಓದುತ್ತೇನೆ ಅಂದರೆ ಅವರಿಗೂ ಖುಷಿಯೇ.