ಟವರ್ ಬಂತು, ಮಳೆಯ ರಾತ್ರಿ ಕೈಕೊಟ್ಟಿತು: ಮಲೆನಾಡಿನ ನೆಟ್‌ವರ್ಕ್ ಕತೆ

ಹೊಸನಗರ ತಾಲ್ಲೂಕಿನ ನಮ್ಮೂರಿಗೆ ಈಗ ಟವರ್ ಇದೆ. ಅಂಗಳದಲ್ಲಿ ನಿಂತರೆ ಅಡಿಕೆ ಮರಗಳ ತಲೆಯಾಚೆ ಅದರ ತುದಿ ಕಾಣುತ್ತದೆ. ಫೋನಿನಲ್ಲಿ 4ಜಿ ಅಂತಲೂ ಬರುತ್ತದೆ. ಆದರೆ ಕಳೆದ ಪುಷ್ಯ ಮಳೆಯಲ್ಲಿ ಒಂದು ಸಂಜೆ ಗಾಳಿ ಎದ್ದು ಕರೆಂಟು ಹೋಯಿತು. ರಾತ್ರಿ ಊಟಕ್ಕೆ ಕೂರುವಷ್ಟರಲ್ಲಿ ಟವರೂ ಹೋಯಿತು. ಮುಂದಿನ ಮೂರು ದಿನ ಬೆಂಗಳೂರಿನಿಂದ ತಂಗಿ ಎಷ್ಟು ಸಲ ಫೋನ್ ಮಾಡಿದರೂ ಅವಳಿಗೆ ಸಿಕ್ಕಿದ್ದು "ನೀವು ಕರೆ ಮಾಡುತ್ತಿರುವ ಚಂದಾದಾರರು ವ್ಯಾಪ್ತಿ ಪ್ರದೇಶದಿಂದ ಹೊರಗಿದ್ದಾರೆ" ಅನ್ನುವ ದನಿ ಮಾತ್ರ.

ಯಾಕೆ ಹೀಗೆ ಅಂತ ಕೇಳಿದರೆ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಅರಣ್ಯ ಇಲಾಖೆಯವರು ಬಿಡಲ್ಲ ಅಂತ ಒಬ್ಬರು. ಕಂಪನಿಗೆ ಲಾಭ ಇಲ್ಲ ಅಂತ ಇನ್ನೊಬ್ಬರು. ಡೀಸೆಲ್ ಹಾಕಲ್ಲ, ಲೈನ್ ಸರಿ ಇಲ್ಲ, ಮಳೆಗೆ ಸಿಗ್ನಲ್ ನಿಲ್ಲಲ್ಲ ಅಂತ ಮತ್ತೆ ಕೆಲವರು. ಎಲ್ಲದರಲ್ಲೂ ಒಂದಷ್ಟು ನಿಜ ಇದೆ. ಹಾಗಾಗಿ ಈ ಕತೆಯನ್ನು ಸ್ವಲ್ಪ ಹಿಂದಿನಿಂದ ಹಿಡಿದು ಬರಬೇಕು.

ಹಳ್ಳಿಗಳಿಗೆ ಫೋನ್ ಬಂದಿದ್ದೇ ತಡವಾಗಿ. 1980ರ ದಶಕದಲ್ಲಿ ಕೇಂದ್ರ ಸರ್ಕಾರದ ದೂರಸಂಪರ್ಕ ಸಂಶೋಧನಾ ಸಂಸ್ಥೆ ಸಿ-ಡಾಟ್ ಹಳ್ಳಿಗಳಿಗೆ ಅಂತಲೇ 128 ಲೈನಿನ ಪುಟ್ಟ ಟೆಲಿಫೋನ್ ಎಕ್ಸ್‌ಚೇಂಜ್ ಮಾಡಿತು. ಎಸಿ ಕೋಣೆ ಬೇಡದ, ಧೂಳು ಸೆಕೆ ತಡೆಯುವ ಯಂತ್ರ ಅದು. ಮೊದಲನೆಯದನ್ನು 1986ರಲ್ಲಿ ನಮ್ಮದೇ ರಾಜ್ಯದ ಕಿತ್ತೂರಿನಲ್ಲಿ ಕೂರಿಸಿದರು. ಆಮೇಲೆ ಮಲೆನಾಡಿಗೂ ಎಕ್ಸ್‌ಚೇಂಜುಗಳು ಬಂದವು, ಪೇಟೆಯಲ್ಲಿ ಎಸ್‌ಟಿಡಿ ಬೂತುಗಳು ಎದ್ದವು. ಹೊಸನಗರಕ್ಕೆ 08185, ಸಾಗರಕ್ಕೆ 08183, ತೀರ್ಥಹಳ್ಳಿಗೆ 08181. ನಮ್ಮ ತಲೆಮಾರಿನವರಿಗೆ ಈ ನಂಬರುಗಳು ಇವತ್ತಿಗೂ ಬಾಯಿಪಾಠ.

ಲ್ಯಾಂಡ್‌ಲೈನಿನ ಒಂದು ಗುಣವನ್ನು ಇಲ್ಲಿ ಹೇಳಲೇಬೇಕು. ಅದಕ್ಕೆ ಮನೆಯ ಕರೆಂಟು ಬೇಕಿರಲಿಲ್ಲ. ಎಕ್ಸ್‌ಚೇಂಜಿನ ಬ್ಯಾಟರಿಯಿಂದ 48 ವೋಲ್ಟ್ ವಿದ್ಯುತ್ತು ಅದೇ ತಾಮ್ರದ ತಂತಿಯಲ್ಲಿ ಮನೆಯವರೆಗೆ ಬರುತ್ತಿತ್ತು. ಊರಿಡೀ ಕತ್ತಲಾದರೂ ರಿಸೀವರ್ ಎತ್ತಿದರೆ ಡಯಲ್ ಟೋನ್ ಕೇಳುತ್ತಿತ್ತು. ತಂತಿ ಮೇಲೆ ಮರ ಬಿದ್ದರೆ ಫೋನ್ ಸಾಯುತ್ತಿತ್ತು, ನಿಜ. ಆಗ ಲೈನ್‌ಮ್ಯಾನ್ ಕಂಬಳಿ ಕೊಪ್ಪೆ ಹಾಕಿಕೊಂಡು ಗದ್ದೆ ಅಂಚಿನಲ್ಲಿ ಬರುತ್ತಿದ್ದರು. ಎಲ್ಲಿ ತುಂಡಾಗಿದೆ ಅಂತ ನಾವೇ ತೋರಿಸುತ್ತಿದ್ದೆವು. ಕೆಟ್ಟಿದ್ದು ಕಣ್ಣಿಗೆ ಕಾಣುತ್ತಿತ್ತು, ಸರಿ ಮಾಡುವವರ ಮುಖ ಪರಿಚಯ ಇತ್ತು.

1995ರ ಜುಲೈ 31ರಂದು ದೇಶದ ಮೊದಲ ಮೊಬೈಲ್ ಕರೆ ಹೋಯಿತು. 2000ದಲ್ಲಿ ಬಿಎಸ್ಎನ್ಎಲ್ ಹುಟ್ಟಿತು, 2002ರಲ್ಲಿ ಅದರ ಮೊಬೈಲ್ ಶುರುವಾಯಿತು, 2003ರಲ್ಲಿ ಒಳಬರುವ ಕರೆಗೆ ದುಡ್ಡು ಕೊಡುವುದು ತಪ್ಪಿತು. ಅದೇ ವರ್ಷ ಟಾರ್ಚ್ ಇರುವ ನೋಕಿಯಾ 1100 ಬಂತು. ಮಲೆನಾಡಿನ ಮಟ್ಟಿಗೆ ಮೊಬೈಲ್ ಯುಗ ಶುರುವಾಗಿದ್ದು ಅಲ್ಲಿಂದ.

ಆ ಕಾಲವನ್ನು ನಾನು 'ಜಾಗ'ದ ಕಾಲ ಅಂತ ಕರೆಯುತ್ತೇನೆ. ಪ್ರತಿ ಮನೆಗೂ ಟವರ್ ಸಿಗುವ ಒಂದು ಜಾಗ ಇರುತ್ತಿತ್ತು. ಕೆಲವರಿಗೆ ಕೊಟ್ಟಿಗೆಯ ಹಿಂದಿನ ದರೆ, ಕೆಲವರಿಗೆ ಉಪ್ಪರಿಗೆಯ ಕಿಟಕಿ, ಕೆಲವರಿಗೆ ಅರ್ಧ ಮೈಲಿ ಆಚೆಯ ಸೊಪ್ಪಿನ ಬೆಟ್ಟ. ನಮ್ಮ ಮನೆಯ ಜಾಗ ಅಂಗಳದಂಚಿನ ಹಲಸಿನ ಮರ. ಅಪ್ಪಯ್ಯ ಅದಕ್ಕೆ ಎದೆಮಟ್ಟದಲ್ಲಿ ಒಂದು ಮೊಳೆ ಹೊಡೆದಿದ್ದರು. ಫೋನನ್ನು ಪ್ಲಾಸ್ಟಿಕ್ ಕೊಟ್ಟೆಗೆ ಹಾಕಿ, ಬಾಯಿ ಕಟ್ಟಿ ಅಲ್ಲಿ ನೇತು ಹಾಕುತ್ತಿದ್ದರು. ರಿಂಗಾದರೆ ಜಗಲಿಯಲ್ಲಿದ್ದವರು ಓಡಬೇಕು. ಕೈಗೆ ತೆಗೆದುಕೊಂಡರೆ ಸಿಗ್ನಲ್ ಹೋಗುತ್ತಿತ್ತು. ಹಾಗಾಗಿ ಕೊಟ್ಟೆಯ ಮೇಲಿಂದಲೇ ಹಸಿರು ಗುಂಡಿ ಒತ್ತಿ, ಸ್ಪೀಕರ್ ಹಾಕಿ, ಮರದ ಹತ್ತಿರ ಬಾಯಿ ಒಯ್ದು ಮಾತಾಡುತ್ತಿದ್ದೆವು. ಚಿಕ್ಕಮ್ಮನಿಗೆ ಮಗು ಹುಟ್ಟಿದ ಸುದ್ದಿ ಬಂದಿದ್ದು ಆ ಮರದಿಂದ. ಅಜ್ಜಿ ತೀರಿಕೊಂಡಾಗ ನೆಂಟರಿಗೆಲ್ಲ ಹೇಳಿದ್ದೂ ಅಲ್ಲಿಂದಲೇ, ಮಳೆಯಲ್ಲಿ ಛತ್ರಿ ಹಿಡಿದು ನಿಂತು, ಒಬ್ಬರಾದ ಮೇಲೆ ಒಬ್ಬರಿಗೆ.

ಮನೆಯೊಳಗೆ ಯಾಕೆ ಸಿಗುತ್ತಿರಲಿಲ್ಲ? ಮಲೆನಾಡಿನಲ್ಲಿ ತೋಟ ಇರುವುದು ತಗ್ಗಿನಲ್ಲಿ. ಅಡಿಕೆಗೆ ನೀರು ಬೇಕು, ನೀರು ಕಣಿವೆಯಲ್ಲಿರುತ್ತದೆ, ಮನೆ ತೋಟದ ಪಕ್ಕ ಇರುತ್ತದೆ. ಮೊಬೈಲ್ ತರಂಗ ಹೆಚ್ಚುಕಡಿಮೆ ನೇರ ದಾರಿ ಹಿಡಿಯುವಂಥದ್ದು. ಮಧ್ಯೆ ಒಂದು ಗುಡ್ಡ ಬಂದರೆ ಅದರ ನೆರಳಿನಲ್ಲಿ ಕುಳಿತ ಮನೆಗೆ ಏನೂ ಸಿಗದು. 2ಜಿಗೆ ತಾಂತ್ರಿಕವಾಗಿ 35 ಕಿಲೋಮೀಟರ್ ತನಕ ತಲುಪುವ ಶಕ್ತಿ ಇದೆ. ಅಷ್ಟು ದೂರದ ಟವರ್ ಗುಡ್ಡದ ತುದಿಗೆ ಸಿಕ್ಕೀತು, ಎರಡೇ ಕಿಲೋಮೀಟರ್ ದೂರದ್ದು ತೋಟದ ಮನೆಗೆ ಸಿಗಲಿಕ್ಕಿಲ್ಲ.

ಇನ್ನೊಂದು ವಿಷಯ ಜನ ಗಮನಿಸಿದ್ದಾರೆ, ಕಾರಣ ಮಾತ್ರ ಗೊತ್ತಿರುವುದಿಲ್ಲ. "ಗುಂಡಿ ಫೋನಿಗೆ ಸಿಗೋ ಕಡೆ ಈ ದೊಡ್ಡ ಫೋನಿಗೆ ಸಿಗಲ್ಲ" ಅನ್ನುತ್ತಾರಲ್ವಾ, ಅದು ಭ್ರಮೆ ಅಲ್ಲ. ಹಳೆಯ 900 ಮೆಗಾಹರ್ಟ್ಸ್ 2ಜಿ ಫೋನು ಟವರಿಗೆ ಕೂಗಲು 2 ವ್ಯಾಟ್ ತನಕ ಶಕ್ತಿ ಬಳಸಬಹುದಿತ್ತು. ಈಗಿನ 4ಜಿ ಫೋನಿನ ಮಿತಿ ಸಾಮಾನ್ಯವಾಗಿ 0.2 ವ್ಯಾಟ್. ಟವರಿನ ಮಾತು ನಮಗೆ ಕೇಳಿದರೂ ನಮ್ಮ ಫೋನಿನ ದನಿ ಟವರಿಗೆ ಮುಟ್ಟುವುದಿಲ್ಲ. ಮೇಲಾಗಿ 4ಜಿಗೆ 1800, 2300 ಮೆಗಾಹರ್ಟ್ಸ್ ತರಂಗಗಳೂ ಬಳಕೆಯಲ್ಲಿವೆ. ಇವು ಜಾಸ್ತಿ ಡೇಟಾ ಹೊರುತ್ತವೆ, ಆದರೆ ಗುಡ್ಡ, ಗೋಡೆ, ಒದ್ದೆ ಎಲೆಗಳಿಗೆ ಬೇಗ ಸೋಲುತ್ತವೆ. ಸಿಗ್ನಲ್ ಕಡಿಮೆ ಇರುವ ಕಡೆ ಬ್ಯಾಟರಿ ಬೇಗ ಇಳಿಯುವುದೂ ಇದಕ್ಕೇ. ಫೋನು ಟವರ್ ಹುಡುಕುತ್ತಲೇ ಇರುತ್ತದೆ, ಕೂಗುವಾಗಲೆಲ್ಲ ಇದ್ದಬದ್ದ ಶಕ್ತಿ ಹಾಕುತ್ತದೆ.

ದುಡ್ಡಿನ ಲೆಕ್ಕವೂ ಇದೆ. ಶಿಕಾರಿಪುರದ ಕಡೆ ಹೋದರೆ ಊರು ಅಂದರೆ ಒಂದೇ ಕಡೆ ಕೂಡಿಕೊಂಡ ಮನೆಗಳು. ಒಂದು ಟವರ್ ಹಾಕಿದರೆ ಊರಿಗೆ ಊರೇ ಸಿಗುತ್ತದೆ. ನಮ್ಮ ಕಡೆ ನಾಲ್ಕು ಮನೆ, ಒಂದು ಗುಡ್ಡ, ಆಚೆ ಎರಡು ಮನೆ, ಮತ್ತೊಂದು ಹಳ್ಳ. ಟವರಿಗೆ ಆಗುವ ಖರ್ಚು ಮಾತ್ರ ಎರಡೂ ಕಡೆ ಹೆಚ್ಚುಕಡಿಮೆ ಒಂದೇ. ಇಂಥ ಊರುಗಳಿಗಾಗಿಯೇ 2002ರಲ್ಲಿ ಸರ್ಕಾರ ಒಂದು ನಿಧಿ ಮಾಡಿತು. ಟೆಲಿಕಾಂ ಕಂಪನಿಗಳ ಆದಾಯದಲ್ಲಿ ಶೇ 5ರಷ್ಟು ಅದಕ್ಕೆ ಹೋಗುತ್ತದೆ. 2023ರ ದೂರಸಂಪರ್ಕ ಕಾಯ್ದೆಯ ನಂತರ ಅದರ ಹೆಸರು ಡಿಜಿಟಲ್ ಭಾರತ್ ನಿಧಿ. ದುಡ್ಡು ಇತ್ತು. ಆದರೆ 'ಈ ಹಳ್ಳಿಗೆ ನೆಟ್‌ವರ್ಕ್ ಇದೆ' ಅಂತ ದಾಖಲೆಯಲ್ಲಿ ಬರೆಯಲು ಬಸ್‌ಸ್ಟ್ಯಾಂಡಿನ ಹತ್ತಿರ ಸಿಕ್ಕರೂ ಸಾಕು ಅಂತಾದರೆ, ದರೆಯ ಕೆಳಗಿನ ಆರು ಮನೆಗಳು ಲೆಕ್ಕಕ್ಕೆ ಬರುವುದಾದರೂ ಹೇಗೆ? ಮಲೆನಾಡಿನ ಮಟ್ಟಿಗೆ ಎಲ್ಲ ಎಡವಟ್ಟು ಇಲ್ಲಿಂದಲೇ ಶುರು ಅಂತ ನನಗನಿಸುತ್ತದೆ. ಮನೆ ಎಣಿಸಬೇಕಿತ್ತು, ಊರು ಎಣಿಸಿದರು.

2012ರಲ್ಲಿ ಸುಪ್ರೀಂ ಕೋರ್ಟು 2ಜಿ ಹಗರಣದ ಕಾರಣಕ್ಕೆ ಟೆಲಿಕಾಂ ಕಂಪನಿಗಳ 122 ಲೈಸೆನ್ಸು ರದ್ದು ಮಾಡಿತು. 2016ರ ಸೆಪ್ಟೆಂಬರಿನಲ್ಲಿ ಜಿಯೋ ಬಂತು, ಡೇಟಾ ಅಗ್ಗವಾಯಿತು, ಹಲವು ಕಂಪನಿಗಳು ಮುಚ್ಚಿದವು ಇಲ್ಲವೇ ಬೇರೆಯವರ ಜೊತೆ ಸೇರಿಕೊಂಡವು. ನಮ್ಮಲ್ಲಿ ಸದ್ದಿಲ್ಲದೆ ಹೋದದ್ದು ಲ್ಯಾಂಡ್‌ಲೈನ್. ಎಲ್ಲರ ಕೈಯಲ್ಲೂ ಮೊಬೈಲ್ ಇದೆಯಲ್ಲ ಅಂತ ತಂತಿಯನ್ನು ನೋಡಿಕೊಳ್ಳುವುದು ನಿಂತಿತು. ಬಿಎಸ್ಎನ್ಎಲ್‌ನಿಂದ 78,000ಕ್ಕೂ ಹೆಚ್ಚು ನೌಕರರು ಸ್ವಯಂ ನಿವೃತ್ತಿ ತೆಗೆದುಕೊಂಡು 2020ರ ಜನವರಿ ಕೊನೆಗೆ ಹೊರಬಂದರು. ಯಾವ ಹಳ್ಳದ ದಾಟಿನಲ್ಲಿ ತಂತಿ ಸವೆಯುತ್ತದೆ ಅಂತ ಗೊತ್ತಿದ್ದವರು ಅವರು.

ಅದಾಗಿ ಎರಡು ತಿಂಗಳಿಗೆ ಲಾಕ್‌ಡೌನ್.

ಬೆಂಗಳೂರಿನಲ್ಲಿ ಕೆಲಸಕ್ಕಿದ್ದ ಮಕ್ಕಳೆಲ್ಲ ಲ್ಯಾಪ್‌ಟಾಪ್ ಹಿಡಿದು ಊರಿಗೆ ಬಂದರು. ಶಾಲೆ ಫೋನಿನೊಳಗೆ ಹೋಯಿತು. ಆ ಮಳೆಗಾಲದಲ್ಲಿ ಮಲೆನಾಡಿನ ಗುಡ್ಡಗಳ ಮೇಲೆ ಟಾರ್ಪಾಲು ಕಟ್ಟಿದ ಗುಡಿಸಲು ಎದ್ದವು. ನಮ್ಮ ಬೆಟ್ಟದಲ್ಲೂ ಒಂದಿತ್ತು. ನಾಲ್ಕು ಗೂಟ, ಮೇಲೆ ನೀಲಿ ಟಾರ್ಪಾಲು, ಮೂರು ಕಡೆ ಅಡಿಕೆ ಸೋಗೆ, ಒಳಗೆ ಎರಡು ಪ್ಲಾಸ್ಟಿಕ್ ಕುರ್ಚಿ. ಬೆಳಿಗ್ಗೆ ಪಕ್ಕದ ಮನೆಯ ಹುಡುಗಿಯ ಪಿಯುಸಿ ಕ್ಲಾಸು, ಮಧ್ಯಾಹ್ನದ ಮೇಲೆ ನನ್ನ ಅಣ್ಣನ ಮಗನ ಆಫೀಸು. ಹುಡುಗಿಯ ಜೊತೆ ಅವಳ ಅಮ್ಮ ಹೋಗಿ ಕೂರುತ್ತಿದ್ದರು, ಕಾಡಿನಂಚು ಅಲ್ವಾ. ಉಂಬಳ (ಜಿಗಣೆ) ಹತ್ತದಿರಲಿ ಅಂತ ಕಾಲಿಗೆ ಸುಣ್ಣ, ಹೊಗೆಸೊಪ್ಪು ಹಚ್ಚಿಕೊಂಡು ಹೋಗುತ್ತಿದ್ದರು. ಪರೀಕ್ಷೆಯ ದಿನ ಉತ್ತರ ಬರೆದು, ಫೋಟೋ ತೆಗೆದು ಕಳಿಸುವಷ್ಟರಲ್ಲಿ ಮಂಜು ಕವಿದು ಮಳೆ ಬಂತು. ಐದು ಪುಟದಲ್ಲಿ ಮೂರು ಹೋಯಿತು, ಎರಡು ಹೋಗಲಿಲ್ಲ. ಆ ಮಗು ಒದ್ದೆ ಕುರ್ಚಿಯಲ್ಲಿ ಕೂತು ಅತ್ತಿದ್ದನ್ನು ನಾನು ನೋಡಿದ್ದೇನೆ. ಅವಳು ಓದಿರಲಿಲ್ಲ ಅಂತಲ್ಲ.

ನೆಟ್‌ವರ್ಕ್ ಇಲ್ಲದ ಮಕ್ಕಳಿಗಾಗಿ ಶಿಕ್ಷಕರೇ ಊರಿಗೆ ಬಂದು ಕಲಿಸುವ 'ವಿದ್ಯಾಗಮ' ಆ ವರ್ಷ ಶುರುವಾಗಿ, ಸೋಂಕಿನ ಭಯಕ್ಕೆ ಅಕ್ಟೋಬರಿನಲ್ಲಿ ನಿಂತಿತು. ಜನರ ಸಿಟ್ಟು ಮೇಲೆ ಬಂದಿದ್ದು ಅದಾದ ಮೇಲೆ. ಶರಾವತಿ ಹಿನ್ನೀರಿನ ಆಚೆಯ ಸಾಗರದ ಹಳ್ಳಿಗಳಲ್ಲಿ "ನೋ ನೆಟ್‌ವರ್ಕ್, ನೋ ವೋಟಿಂಗ್" ಅನ್ನುವ ಕೂಗು ಎದ್ದಿತು. ಆ ಜನರ ನೋವು ತುಂಬ ಹಳೆಯದು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ತುಂಬಿದಾಗ ಅವರ ಗದ್ದೆ, ತೋಟ, ರಸ್ತೆ ನೀರಡಿಗೆ ಹೋದವು. ನಾಡಿಗೆ ವಿದ್ಯುತ್ತು ಕೊಟ್ಟ ಹಳ್ಳಿಗಳಿಗೆ ಹೊಳೆ ದಾಟುವ ಸೇತುವೆ ಸಿಕ್ಕಿದ್ದು 2025ರ ಜುಲೈನಲ್ಲಿ. ಆ ತನಕ ಲಾಂಚೇ ಗತಿ. ಅವರು ಟವರ್ ಕೇಳಿದಾಗ ಅದು ಬರೀ ಫೋನಿನ ವಿಷಯ ಆಗಿರಲಿಲ್ಲ.

ಕಾಡಿನ ಮಾತು ಬರುವುದು ಇಲ್ಲೇ. ಅಭಯಾರಣ್ಯ, ಮೀಸಲು ಅರಣ್ಯದಲ್ಲಿ ಟವರ್ ಹಾಕಲು, ಕೇಬಲ್ ಎಳೆಯಲು ಒಪ್ಪಿಗೆ ಬೇಕು, ಅದಕ್ಕೆ ಸಮಯ ಹಿಡಿಯುತ್ತದೆ. ಕೆಲವು ಕಡೆ ಅದೇ ನಿಜವಾದ ತೊಡಕು. ಆದರೆ ಖಾಸಗಿ ಜಾಗದಲ್ಲಿ ನಿಂತು, ಕೆಲಸ ಮಾಡದ ಟವರುಗಳಿಗೂ ಕಾಡನ್ನೇ ಕಾರಣ ಹೇಳುವುದು ಸರಿಯಲ್ಲ.

ನಮ್ಮ ಮನೆಗಳಿಗೆ ನಿಜವಾಗಿ ಉಸಿರು ಕೊಟ್ಟಿದ್ದು ಬೇರೆಯದು. 2019ರ ಕೊನೆ, 2020ರ ಮೊದಲಲ್ಲಿ ವೈಫೈ ಕಾಲಿಂಗ್ ಶುರುವಾಯಿತು. ಟವರ್ ಇಲ್ಲದಿದ್ದರೂ ಮನೆಯ ವೈಫೈ ಮೂಲಕ ಮಾಮೂಲಿ ನಂಬರಿನಿಂದಲೇ ಮಾತಾಡಬಹುದು. ಅದೇ ಹೊತ್ತಿಗೆ ಟಿವಿ ಕೇಬಲ್ ಎಳೆಯುತ್ತಿದ್ದ ಹುಡುಗರು ಫೈಬರ್ ಎಳೆಯಲು ನಿಂತರು. ಮರದಿಂದ ಮರಕ್ಕೆ, ಕಂಬದಿಂದ ಕಂಬಕ್ಕೆ, ತೋಟ ದಾಟಿ ನಮ್ಮ ಜಗಲಿಗೂ ಕಪ್ಪು ದಾರ ಬಂತು. ಹಲಸಿನ ಮರದ ಮೊಳೆ ಖಾಲಿಯಾಯಿತು. ಅಮ್ಮ ಅಡುಗೆಮನೆಯಲ್ಲಿ ದೋಸೆ ಹೊಯ್ಯುತ್ತಾ ಮಾತಾಡಿದ ಮೊದಲ ದಿನ ನನಗೆ ಚೆನ್ನಾಗಿ ನೆನಪಿದೆ.

ಅಂದರೆ ಸುತ್ತಿ ಬಳಸಿ ಮತ್ತೆ ತಂತಿಗೇ ಬಂದೆವು. ಒಂದು ವ್ಯತ್ಯಾಸ ಇದೆ. ತಾಮ್ರದಲ್ಲಿ ಮಾತಿನ ಜೊತೆ ಕರೆಂಟೂ ಬರುತ್ತಿತ್ತು. ಫೈಬರ್ ಗಾಜಿನ ಎಳೆ, ಅದರಲ್ಲಿ ಬರುವುದು ಬೆಳಕು ಮಾತ್ರ. ಮನೆಯ ರೂಟರಿಗೂ, ದಾರಿಯಲ್ಲಿರುವ ಪೆಟ್ಟಿಗೆಗಳಿಗೂ ಕರೆಂಟು ಬೇಕು. ರೂಟರಿಗೆ 12 ವೋಲ್ಟಿನ ಪುಟ್ಟ ಯುಪಿಎಸ್ ಸಿಗುತ್ತದೆ, ನಾಲ್ಕೈದು ಗಂಟೆ ಎಳೆಯುತ್ತದೆ, ನಮ್ಮ ಕಡೆಯವರು ಖಂಡಿತ ಇಟ್ಟುಕೊಳ್ಳಿ. ಸಿಗ್ನಲ್ ಬೂಸ್ಟರ್ ಅಂತ ಮಾರುವ ಪೆಟ್ಟಿಗೆಗಳನ್ನು ಮಾತ್ರ ತರಬೇಡಿ. ಅನುಮತಿ ಇಲ್ಲದೆ ಅವನ್ನು ಇಟ್ಟುಕೊಳ್ಳುವುದೇ ಅಪರಾಧ, ಅಕ್ಕಪಕ್ಕದವರ ಸಿಗ್ನಲನ್ನೂ ಅವು ಕೆಡಿಸುತ್ತವೆ.

ಈ ನಡುವೆ ಸರ್ಕಾರದ ಕಡೆಯಿಂದ ದೊಡ್ಡ ಕೆಲಸಗಳೇ ನಡೆದವು. 4ಜಿ ಇಲ್ಲದ 24,680 ಹಳ್ಳಿಗಳಿಗಾಗಿ 2022ರ ಜುಲೈನಲ್ಲಿ ಕೇಂದ್ರ ಸಂಪುಟ 26,316 ಕೋಟಿ ರೂಪಾಯಿಯ ಯೋಜನೆಗೆ ಒಪ್ಪಿತು. 2025ರ ಜನವರಿಯಲ್ಲಿ, ಡಿಜಿಟಲ್ ಭಾರತ್ ನಿಧಿಯಿಂದ ಕಟ್ಟಿದ ಟವರುಗಳನ್ನು ಬೇರೆ ಕಂಪನಿಯ ಸಿಮ್ಮಿನವರೂ ಬಳಸುವ ವ್ಯವಸ್ಥೆ ಶುರುವಾಯಿತು. ಮಲೆನಾಡಿಗೆ ಇದು ಎಂದೋ ಬರಬೇಕಿತ್ತು. ಒಂದು ಗುಡ್ಡಕ್ಕೆ ಒಂದೇ ಟವರ್ ಸಾಧ್ಯ ಅಂದಮೇಲೆ ಅದು ಎಲ್ಲರದ್ದೂ ಆಗಬೇಕಲ್ವಾ? ಅದೇ ವರ್ಷ ಸೆಪ್ಟೆಂಬರ್ 27ರಂದು ಬಿಎಸ್ಎನ್ಎಲ್‌ನ ಸ್ವದೇಶಿ 4ಜಿಯೂ ದೇಶಕ್ಕೆಲ್ಲ ಉದ್ಘಾಟನೆಯಾಯಿತು.

ಟವರ್ ನಿಲ್ಲಿಸುವುದು ಒಂದು ಸಲದ ಖರ್ಚು. ನಡೆಸುವುದು ಪ್ರತಿ ಮಳೆಗಾಲದ ಖರ್ಚು. ಆಗುಂಬೆಯಲ್ಲಿ ವರ್ಷಕ್ಕೆ 7000 ಮಿಲಿಮೀಟರ್ ಆಸುಪಾಸು ಮಳೆ ಬೀಳುತ್ತದೆ. ಮರ ಬಿದ್ದು ಲೈನ್ ಹೋದರೆ ಎರಡು ಮೂರು ದಿನ ಕರೆಂಟಿಲ್ಲ. ಟವರಿನ ಬ್ಯಾಟರಿ ಹೊಸದಾಗಿದ್ದರೆ ಕೆಲವು ಗಂಟೆ, ಹಳೆಯದಾದರೆ ಅರ್ಧ ಗಂಟೆ. ಜನರೇಟರ್ ಇದ್ದರೆ ಡೀಸೆಲ್ ಬೇಕು, ಡೀಸೆಲ್ ತರಲು ರಸ್ತೆ ಬೇಕು. ಕೇಬಲ್ ಬಾರದ ಗುಡ್ಡದ ಟವರುಗಳು ಒಂದಕ್ಕೊಂದು ಮೈಕ್ರೋವೇವ್ ತಟ್ಟೆಯಲ್ಲಿ ಮಾತಾಡುತ್ತವೆ, ಜಡಿಮಳೆಗೆ ಆ ತರಂಗ ಸೊರಗುತ್ತದೆ. ಸಾಲಿನಲ್ಲಿ ಮೊದಲ ಟವರ್ ಹೋದರೆ ಅದರ ಬೆನ್ನಿಗಿರುವ ಎಲ್ಲವೂ ಹೋದವು. ಆಗ ರೇಷನ್ ಅಂಗಡಿಯಲ್ಲಿ ಬೆರಳಚ್ಚು ಹಿಡಿಯದು, ಬ್ಯಾಂಕಿನ ಒಟಿಪಿ ಬಾರದು, ಆಂಬ್ಯುಲೆನ್ಸಿಗೆ ಹೇಳಲು ಯಾರಾದರೂ ಬೈಕ್ ಹತ್ತಬೇಕು.

ಆ ಪುಷ್ಯ ಮಳೆಯ ಮೂರು ದಿನಗಳಲ್ಲಿ ಎರಡನೇ ದಿನ ಆಚೆ ಮನೆಯ ದೊಡ್ಡಮ್ಮನಿಗೆ ಎದೆನೋವು ಬಂತು. ಫೈಬರ್ ಮೇಲೆ ಮರ ಬಿದ್ದಿತ್ತು, ಟವರ್ ಇರಲಿಲ್ಲ. ಅಣ್ಣನ ಮಗ ಜೀಪು ತೆಗೆದುಕೊಂಡು ಹೊರಟ, ಅಪ್ಪಯ್ಯ ಕಪಾಟಿನಿಂದ ಹಳೆಯ ಗುಂಡಿ ಫೋನು ತೆಗೆದು, ಕೊಟ್ಟೆಗೆ ಹಾಕಿಕೊಂಡು ಗುಡ್ಡ ಹತ್ತಿದರು. ಮೇಲೆ ಘಟ್ಟದ ಕೆಳಗಿನ ಯಾವುದೋ ಟವರಿನ ಒಂದು ಕಡ್ಡಿ ಸಿಕ್ಕಿತು. ಆಸ್ಪತ್ರೆಗೆ ಸುದ್ದಿ ಮುಟ್ಟಿತು, ದೊಡ್ಡಮ್ಮ ಈಗ ಹುಷಾರಾಗಿದ್ದಾರೆ.

ಮುಂದಿನ ಗ್ರಾಮಸಭೆಗೆ ಊರವರು ಒಂದು ಅರ್ಜಿ ಬರೆದರು. ಹಿಂದಿನ ಅರ್ಜಿಗಳಲ್ಲೆಲ್ಲ ಟವರ್ ಬೇಕು ಅಂತ ಇರುತ್ತಿತ್ತು. ಈ ಸಲ ಕೇಳಿದ್ದು ಟವರಿಗೆ ಹೊಸ ಬ್ಯಾಟರಿ, ಸೋಲಾರ್ ಫಲಕ, ಮತ್ತೆ ಮಳೆಗಾಲದ ನಾಲ್ಕು ತಿಂಗಳು ಕರೆದರೆ ಬರುವ ಒಬ್ಬ ಮನುಷ್ಯ. ಮೂವತ್ತೊಂದು ಮನೆಯವರು ಸಹಿ ಹಾಕಿದ್ದಾರೆ. ಮೊದಲ ಸಹಿ ದೊಡ್ಡಮ್ಮನದು.