ಹುಬ್ಬಳ್ಳಿಯಲ್ಲಿ ಕೊಟ್ಟ ಬ್ಯಾಗು ದುಬೈಯಲ್ಲೇ ಸಿಗುತ್ತದೆಯೇ?

ಪ್ರಶ್ನೆ: ಮಗನನ್ನು ನೋಡಲು ದುಬೈಗೆ ಹೊರಟಿದ್ದೇವೆ. ಹುಬ್ಬಳ್ಳಿಯಿಂದ ಬೆಂಗಳೂರಿಗೆ ಒಂದು ವಿಮಾನ, ಅಲ್ಲಿಂದ ಇನ್ನೊಂದು. ನಡುವೆ ಎರಡು ತಾಸು. ಬೆಂಗಳೂರಿನಲ್ಲಿ ಬ್ಯಾಗು ತೆಗೆದುಕೊಳ್ಳಬೇಕೇ? (ಗದಗಿನ ಓದುಗರೊಬ್ಬರು)

ಉತ್ತರ: ಎರಡೂ ವಿಮಾನಕ್ಕೆ ಸೇರಿ ನಿಮ್ಮದು ಒಂದೇ ಟಿಕೆಟ್ಟೋ, ಬೇರೆ ಬೇರೆ ಎರಡೋ ಎಂಬುದನ್ನು ನೀವು ಬರೆದಿಲ್ಲ. ಈ ಪ್ರಶ್ನೆ ಕೇಳಿದ ಯಾರೂ ಇದುವರೆಗೆ ಬರೆದಿಲ್ಲ. ಉತ್ತರ ನಿಂತಿರುವುದು ಮಾತ್ರ ಅದರ ಮೇಲೆಯೇ.

ಎರಡನ್ನೂ ಒಬ್ಬರೇ ಏಜೆಂಟರ ಬಳಿ ಒಂದೇ ದಿನ ಮಾಡಿಸಿ, ಹಣವನ್ನೂ ಒಟ್ಟಿಗೇ ಕೊಟ್ಟಿರುವುದರಿಂದ ಅದು ಒಂದೇ ಟಿಕೆಟ್ ಎಂಬ ನಂಬಿಕೆಯನ್ನು ನಾನು ಎಷ್ಟು ಸಲ ಅಲ್ಲಗಳೆದರೂ ಅದು ಹೊಸ ಓದುಗರೊಂದಿಗೆ ಮತ್ತೆ ಬಂದು ನಿಲ್ಲುತ್ತದೆ. ಏಜೆಂಟರು ಎರಡು ಕಾಗದ ಸೇರಿಸಿ ಪಿನ್ ಹೊಡೆದ ಮಾತ್ರಕ್ಕೆ ಎರಡು ವಿಮಾನ ಕಂಪನಿಗಳ ನಡುವೆ ಒಪ್ಪಂದವಾಗುವುದಿಲ್ಲ. ಧಾರವಾಡದಲ್ಲಿ ಚಿಗರಿ ಬಸ್ ಹತ್ತಿ ಹುಬ್ಬಳ್ಳಿಯಲ್ಲಿ ರೈಲು ಹಿಡಿಯುವವರು, ಬಸ್ಸು ತಡವಾಯಿತೆಂದು ರೈಲು ಕಾಯಲಿ ಎಂದು ಬಯಸುತ್ತಾರೆಯೇ? ಕಾಗದ ತೆರೆದು ಆರು ಅಕ್ಷರ-ಅಂಕಿಗಳ ಪಿಎನ್‌ಆರ್ ನೋಡಿ. ಎರಡೂ ಪಯಣ ಒಂದೇ ಪಿಎನ್‌ಆರ್ ಅಡಿಯಲ್ಲಿದ್ದರೆ ಮೊದಲ ವಿಮಾನ ತಡವಾಗಿ ಮುಂದಿನದು ತಪ್ಪಿದಾಗ ನಿಮ್ಮನ್ನು ಮತ್ತೊಂದರಲ್ಲಿ ಕಳುಹಿಸುವ ಹೊಣೆ ಕಂಪನಿಯದು. ಬೇರೆ ಬೇರೆ ಇದ್ದರೆ ಅದು ಸಾಮಾನ್ಯವಾಗಿ ಎರಡು ಟಿಕೆಟ್. ಆಗ ಎರಡನೆಯ ಕಂಪನಿಯ ಲೆಕ್ಕದಲ್ಲಿ ನೀವು ಹೇಳದೆ ಕೇಳದೆ ಬಾರದೇ ಹೋದವರು, ಟಿಕೆಟ್ಟಿನ ಮೂಲ ದರ ಮರಳಿ ಸಿಗುವ ಆಸೆಯನ್ನೂ ಬಿಡಬೇಕಾಗಬಹುದು.

ಎರಡು ಟಿಕೆಟ್ ಇದ್ದವರು ಬೆಂಗಳೂರಿನಲ್ಲಿ ಬ್ಯಾಗು ಇಳಿಸಿಕೊಂಡು ಹೊರಬಂದು ಹೊಸದಾಗಿ ಚೆಕ್-ಇನ್ ಮಾಡಬೇಕೆಂದೇ ಲೆಕ್ಕ ಹಾಕಿಕೊಳ್ಳಲಿ. ಅಲ್ಲಿನ ಅಂತರರಾಷ್ಟ್ರೀಯ ವಿಮಾನಗಳು 2023ರ ಸೆಪ್ಟೆಂಬರ್‌ನಿಂದ ಎರಡನೇ ಟರ್ಮಿನಲ್‌ನಿಂದ ಹೊರಡುತ್ತವೆ. ನೀವು ಒಂದನೆಯದರಲ್ಲಿ ಇಳಿದರೆ ನಡುವೆ ಉಚಿತ ಬಸ್ಸಿದೆ. ಕೌಂಟರ್ ಮುಚ್ಚುವುದು ವಿಮಾನ ಹೊರಡುವುದಕ್ಕೆ ಒಂದು ಗಂಟೆ, ಕೆಲವು ಕಂಪನಿಗಳಲ್ಲಿ 75 ನಿಮಿಷ ಮೊದಲು. ನಿಮ್ಮ 120 ನಿಮಿಷದಲ್ಲಿ ಆ 75ನ್ನು ಕಳೆದರೆ ಉಳಿಯುವ 45ರಲ್ಲಿ ಬ್ಯಾಗು ಬರಬೇಕು, ಬಸ್ಸು ಸಿಗಬೇಕು, ಸರತಿಯೂ ಮುಗಿಯಬೇಕು. ನನ್ನ ಮಾತು ಕೇಳುವುದಾದರೆ ಐದು ತಾಸು ಇಟ್ಟುಕೊಳ್ಳಿ.

ಒಂದೇ ಟಿಕೆಟ್ ಇದ್ದವರು ಹುಬ್ಬಳ್ಳಿಯ ಕೌಂಟರಿನಲ್ಲೇ ಬ್ಯಾಗಿನ ಚೀಟಿ ಓದಲಿ. ಕೊನೆಯ ಊರಿನ ಸಂಕೇತ ಡಿಎಕ್ಸ್‌ಬಿ ಇದ್ದರೆ ಬ್ಯಾಗು ದುಬೈಯಲ್ಲೇ ಸಿಗುತ್ತದೆ. ಬಿಎಲ್‌ಆರ್ ಎಂದಿದ್ದರೆ ಬೆಂಗಳೂರಿನಲ್ಲಿ ಬೆಲ್ಟಿನ ಮುಂದೆ ನಿಲ್ಲಬೇಕು.

ಮರಳಿ ಬರುವ ಬಗ್ಗೆ ನೀವು ಕೇಳಿಲ್ಲ, ಆದರೆ ಜನ ಎಡವುವುದು ಅಲ್ಲಿಯೇ. ಚೀಟಿಯಲ್ಲಿ ಹುಬ್ಬಳ್ಳಿಯ ಎಚ್‌ಬಿಎಕ್ಸ್ ಸಂಕೇತವೇ ಇದ್ದರೂ ಇಮಿಗ್ರೇಷನ್ ಮತ್ತು ಕಸ್ಟಮ್ಸ್ ತಪಾಸಣೆ ದೇಶದೊಳಗೆ ಕಾಲಿಟ್ಟ ಬೆಂಗಳೂರಿನಲ್ಲಿಯೇ ಆಗಬೇಕಾದ್ದರಿಂದ, ಬ್ಯಾಗನ್ನು ಅಲ್ಲಿ ಎತ್ತಿಕೊಂಡು ಕಸ್ಟಮ್ಸ್ ದಾಟಿ ಮತ್ತೆ ಒಪ್ಪಿಸಬೇಕು. ಚೀಟಿ ನಂಬಿ ನೇರವಾಗಿ ಮುಂದಿನ ವಿಮಾನ ಹತ್ತಿದವರು ಹುಬ್ಬಳ್ಳಿಯ ಗೋಕುಲ ರಸ್ತೆಯ ವಿಮಾನ ನಿಲ್ದಾಣದಲ್ಲಿ ಬೆಲ್ಟು ನಿಂತ ಮೇಲೂ ಕಾಯುತ್ತ ನಿಂತಿರುತ್ತಾರೆ.